ನಗರ ಬಿಟ್ಟು ದ್ವೀಪದ ಸುಸ್ಥಿರ ಸಮುದಾಯ ಸೇರುವುದು ಹೇಗೆ: ನೀರಿನ ಲೆಕ್ಕದಿಂದ ಸದಸ್ಯತ್ವದ ಕರಾರಿನವರೆಗೆ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಎಗ್ ಎಂಬ ಪುಟ್ಟ ದ್ವೀಪವಿದೆ. ಜನಸಂಖ್ಯೆ ನೂರರ ಆಸುಪಾಸು. ಅಲ್ಲಿನವರು 1997ರಲ್ಲಿ ಟ್ರಸ್ಟ್ ಮೂಲಕ ದ್ವೀಪವನ್ನೇ ಕೊಂಡರು. 2008ರಿಂದ ಗಾಳಿ, ಹರಿವ ನೀರು, ಬಿಸಿಲು ಮೂರನ್ನೂ ಜೋಡಿಸಿ ತಮ್ಮದೇ ವಿದ್ಯುತ್ ಜಾಲ ನಡೆಸುತ್ತಿದ್ದಾರೆ. ಅಲ್ಲಿ ಒಂದು ಮನೆ ಒಮ್ಮೆಗೆ ಎಳೆಯಬಹುದಾದ ವಿದ್ಯುತ್ತು 5 ಕಿಲೋವ್ಯಾಟ್, ಉದ್ಯಮಗಳಿಗೆ 10. ಮಿತಿ ದಾಟಿದರೆ ಆ ಮನೆಯ ಸಂಪರ್ಕ ಕಡಿಯುತ್ತದೆ. ವಾಷಿಂಗ್ ಮಷಿನ್ ತಿರುಗುತ್ತಿರುವಾಗ ಹೀಟರ್ ಹಾಕಬೇಕೋ ಬೇಡವೋ ಎಂದು ಪ್ರತಿ ಮನೆಯೂ ಯೋಚಿಸುತ್ತದೆ.

ದ್ವೀಪಕ್ಕೆ ಹೋಗಿ ನೆಲೆಸಬೇಕೆನ್ನುವವರು ಕಡಲು, ತೋಟ, ನಿಶ್ಶಬ್ದಗಳಿಗಿಂತ ಮೊದಲು ಈ 5 ಕಿಲೋವ್ಯಾಟನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಗರದಲ್ಲೂ ನೀರಿಗೆ, ವಿದ್ಯುತ್ತಿಗೆ, ಕಸಕ್ಕೆ ಮಿತಿ ಇದೆ, ಆದರೆ ಅದು ಎಲ್ಲೋ ದೂರದಲ್ಲಿ, ಬೇರೆ ಯಾರದೋ ತಲೆನೋವಾಗಿ ಇರುತ್ತದೆ. ದ್ವೀಪದಲ್ಲಿ ಅದು ನಿಮ್ಮ ಹಿತ್ತಿಲಲ್ಲೇ ಇರುತ್ತದೆ. ಹಾಗಾಗಿ ಮುಂದಿನ ಪ್ರತಿ ಹಂತಕ್ಕೂ ಒಂದೇ ಸೂತ್ರ: ಮೊದಲು ಬೇಡಿಕೆ ಇಳಿಸಿ, ಆಮೇಲೆ ಪೂರೈಕೆ ಕಟ್ಟಿ. ಇದನ್ನು ತಿರುಗುಮುರುಗು ಮಾಡಿದವರು ಹಣ ಕಳೆದುಕೊಂಡು ಎರಡನೆಯ ವರ್ಷಕ್ಕೆ ಮರಳುತ್ತಾರೆ.

ಹಂತ 1: ಎಂಥ ಸಮುದಾಯ ಎಂದು ಮೊದಲು ತಿಳಿಯಿರಿ

'ದ್ವೀಪದ ಸುಸ್ಥಿರ ಸಮುದಾಯ' ಎಂಬ ಹೆಸರಿನಡಿ ಮೂರು ಬೇರೆಬೇರೆ ಸಂಗತಿಗಳಿವೆ. ಮೊದಲನೆಯದು ತಲೆಮಾರುಗಳಿಂದ ಜನ ಬದುಕುತ್ತಿರುವ ಊರು. ಎಗ್ ಅಥವಾ ಡೆನ್ಮಾರ್ಕಿನ ಸಾಮ್ಸೊ ದ್ವೀಪದಂತೆ ಊರವರೇ ಸೇರಿ ತಮ್ಮ ವ್ಯವಸ್ಥೆ ಬದಲಿಸಿಕೊಂಡಿರುತ್ತಾರೆ. ಎರಡನೆಯದು ಒಂದೇ ಧ್ಯೇಯ ಇಟ್ಟುಕೊಂಡು ಹೊರಗಿನಿಂದ ಬಂದವರು ಕಟ್ಟಿದ ನೆಲೆ: ಅಡುಗೆಮನೆ, ತೋಟ, ಕೆಲವೊಮ್ಮೆ ಹಣವೂ ಸಾಮೂಹಿಕ. ಮೂರನೆಯದು ಜಾಗ ಕೊಂಡು ಈಗಷ್ಟೇ ಶುರು ಮಾಡುತ್ತಿರುವ ಗುಂಪು.

ಮೊದಲ ಬಾರಿ ನಗರ ಬಿಡುವವರಿಗೆ ಮೂರನೆಯದು ಬೇಡ. ನೀರು, ಶೌಚ, ವಿದ್ಯುತ್ತು, ಮನಸ್ತಾಪ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ, ಕಲಿಸುವವರು ಯಾರೂ ಇರುವುದಿಲ್ಲ. ಕನಿಷ್ಠ ಐದು ವರ್ಷ ನಡೆದು, ಒಂದೆರಡು ದೊಡ್ಡ ಬಿರುಗಾಳಿಯನ್ನೂ ಒಂದೆರಡು ದೊಡ್ಡ ಜಗಳವನ್ನೂ ದಾಟಿದ ಸಮುದಾಯ ಹುಡುಕಿ.

'ನಾವು ನೂರಕ್ಕೆ ನೂರು ನವೀಕರಿಸಬಹುದಾದ ಶಕ್ತಿಯಲ್ಲಿದ್ದೇವೆ' ಎಂದು ಯಾರಾದರೂ ಹೇಳಿದರೆ, ಹೇಗೆ ಎಂದು ಕೇಳಿ. ಸಾಮ್ಸೊದಲ್ಲಿ ನೆಲದ ಮೇಲೆ 1 ಮೆಗಾವ್ಯಾಟಿನ 11 ಗಾಳಿಯಂತ್ರ, ಕಡಲಲ್ಲಿ 2.3 ಮೆಗಾವ್ಯಾಟಿನ 10 ಯಂತ್ರಗಳಿವೆ. ದ್ವೀಪವಾಸಿಗಳೇ ಹಲವು ಯಂತ್ರಗಳ ಪಾಲುದಾರರು. ಆದರೆ ಅಲ್ಲಿಗೆ ಮುಖ್ಯಭೂಮಿಯಿಂದ ಕೇಬಲ್ ಇದೆ. ಗಾಳಿ ಹೆಚ್ಚಾದಾಗ ವಿದ್ಯುತ್ತು ಆಚೆ ಹೋಗುತ್ತದೆ, ನಿಂತಾಗ ಈಚೆ ಬರುತ್ತದೆ. ಸ್ಪೇನಿಗೆ ಸೇರಿದ ಎಲ್ ಇಯೆರೊ ದ್ವೀಪದಲ್ಲಿ 2014ರಲ್ಲಿ ಶುರುವಾದ ವ್ಯವಸ್ಥೆ 11.5 ಮೆಗಾವ್ಯಾಟ್ ಗಾಳಿಶಕ್ತಿಯಿಂದ ನೀರನ್ನು ಹಳೆಯ ಜ್ವಾಲಾಮುಖಿಯ ಕುಳಿಗೆ ಏರಿಸಿ, ಬೇಕಾದಾಗ ಇಳಿಸಿ ವಿದ್ಯುತ್ತು ಪಡೆಯುತ್ತದೆ. ಡೀಸೆಲ್ ಜನರೇಟರ್ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕೇಬಲ್ ಇದೆಯೇ, ಜನರೇಟರ್ ವರ್ಷಕ್ಕೆ ಎಷ್ಟು ದಿನ ಓಡುತ್ತದೆ ಎಂಬುದನ್ನು ಬಿಚ್ಚಿ ಹೇಳುವ ಸಮುದಾಯವೇ ನಂಬಲು ಯೋಗ್ಯ.

ಹಂತ 2: ಕೆಟ್ಟ ಋತುವಿನಲ್ಲಿ ಹೋಗಿ ಇರಿ

ನೆಂಟರಾಗಿ ಹೋಗುವುದು ಬೇರೆ, ಮನೆಯವರಾಗಿ ಇರುವುದು ಬೇರೆ. ಪ್ರವಾಸಿಗರು ಬರುವ ತಿಂಗಳಲ್ಲಿ ಯಾವ ದ್ವೀಪವೂ ಸುಂದರವೇ. ನೀವು ಹೋಗಬೇಕಾದ್ದು ದೋಣಿ ನಿಲ್ಲುವ, ಬಟ್ಟೆ ಒಣಗದ, ತೋಟದಲ್ಲಿ ಏನೂ ಇಲ್ಲದ ಕಾಲದಲ್ಲಿ. ಕನಿಷ್ಠ ನಾಲ್ಕು ವಾರ ಇರಿ. ಎರಡು ವಾರದವರೆಗೆ ಎಲ್ಲರೂ ಅತಿಥಿಗಳಂತೆಯೇ ನಡೆಸಿಕೊಳ್ಳುತ್ತಾರೆ. ಆಮೇಲೆ ಬೇಸಿಗೆಯ ತುದಿಯಲ್ಲಿ, ತೊಟ್ಟಿಗಳು ತಳ ಕಂಡಿರುವಾಗ, ಇನ್ನೊಮ್ಮೆ ಹೋಗಿ.

ಈ ಎರಡು ಭೇಟಿಯಲ್ಲಿ ಬರೆದುಕೊಳ್ಳಬೇಕಾದ ಅತಿ ಮುಖ್ಯ ಸಂಖ್ಯೆ ಒಂದಿದೆ: ಕಳೆದ ಐದು ವರ್ಷಗಳಲ್ಲಿ ದೋಣಿ ಸತತವಾಗಿ ಅತಿ ಹೆಚ್ಚು ಎಷ್ಟು ದಿನ ಬರಲಿಲ್ಲ? ಆ ಸಂಖ್ಯೆಯನ್ನು ಎರಡರಿಂದ ಗುಣಿಸಿ. ಆಹಾರ, ಔಷಧ, ಇಂಧನ, ಬಿಡಿಭಾಗ ಎಲ್ಲದರ ದಾಸ್ತಾನಿಗೂ ಅದೇ ಕನಿಷ್ಠ ಅಳತೆ. ಅಲೆ ಏರಿ ಬಂದ ಅತಿ ಎತ್ತರದ ಗುರುತನ್ನೂ ಹಳಬರಿಂದ ಕೇಳಿ ನೋಡಿಕೊಳ್ಳಿ. ಆ ಗುರುತಿಗಿಂತ ಕೆಳಗೆ ಮನೆ, ಬ್ಯಾಟರಿ, ಬಾವಿ ಯಾವುದೂ ಬೇಡ. ಸಮುದ್ರ ಮಟ್ಟ ಏರುತ್ತಿರುವ ಕಾಲದಲ್ಲಿ ನಾವಿದ್ದೇವೆ.

ಹಂತ 3: ನಗರದಲ್ಲೇ ಮೂರು ತಿಂಗಳ ತಾಲೀಮು

ಬಹುತೇಕರು ಬಿಟ್ಟುಬಿಡುವ ಹಂತ ಇದು. ಖರ್ಚಿಲ್ಲದ್ದು, ಆದರೆ ಹೇಳಿಕೊಡುವುದು ಬಹಳ. ಮೊದಲ ತಿಂಗಳು ಏನನ್ನೂ ಬದಲಿಸದೆ ಪ್ರತಿದಿನ ಒಂದೇ ಹೊತ್ತಿಗೆ ನೀರಿನ ಮೀಟರ್, ವಿದ್ಯುತ್ ಮೀಟರ್ ಬರೆದಿಡಿ. ಮನೆಯಿಂದ ಹೊರಹೋಗುವ ಕಸವನ್ನು ತೂಗಿ. ಎರಡನೆಯ ತಿಂಗಳು ತಲೆಗೆ ದಿನಕ್ಕೆ 50 ಲೀಟರ್ ನೀರಿಗೆ ಇಳಿಯಿರಿ. ಕುಡಿಯುವುದು, ಅಡುಗೆ, ಸ್ನಾನ, ಬಟ್ಟೆ ಒಗೆಯುವುದು ಎಲ್ಲ ಸೇರಿ 50 ರಿಂದ 100 ಲೀಟರ್ ಇದ್ದರೆ ಮೂಲಭೂತ ಅಗತ್ಯಗಳು ಈಡೇರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಫ್ಲಶ್ ಶೌಚ ಒಂದು ಸಲಕ್ಕೆ 6 ರಿಂದ 9 ಲೀಟರ್ ನುಂಗುವುದರಿಂದ, ನಗರದ ಮನೆಯಲ್ಲಿ 50ಕ್ಕೆ ಇಳಿಯುವುದು ಎಷ್ಟು ಕಷ್ಟ, ದ್ವೀಪದಲ್ಲಿ ಒಣ ಶೌಚ ಏಕೆ ಅನಿವಾರ್ಯ ಎಂಬುದು ಆಗಲೇ ಅರ್ಥವಾಗುತ್ತದೆ. ಮೂರನೆಯ ತಿಂಗಳು ಅಂಗಡಿಗೆ ಹದಿನೈದು ದಿನಕ್ಕೊಮ್ಮೆ ಮಾತ್ರ ಹೋಗಿ. ಮನೆಯವರೆಲ್ಲ ಒಪ್ಪಿ ಮಾಡಿದರಷ್ಟೇ ಇದಕ್ಕೆ ಬೆಲೆ. ಒಬ್ಬರ ಉತ್ಸಾಹಕ್ಕೆ ಇನ್ನೊಬ್ಬರು ಮುಖ ಸಪ್ಪೆ ಮಾಡಿಕೊಂಡು ಸಹಕರಿಸುತ್ತಿದ್ದರೆ, ಅಲ್ಲೇ ನಿಂತು ಮಾತಾಡಿ. ದ್ವೀಪಕ್ಕೆ ಹೋದ ಮೇಲೆ ಆ ಬಿರುಕು ದೊಡ್ಡದಾಗುತ್ತದೆ.

ಹಂತ 4: ನೀರು

ಇಲ್ಲಿ ತಪ್ಪಿದರೆ ಉಳಿದ ಯಾವುದೂ ಸರಿಹೋಗದು. ಬಾಯಾರಿದಾಗ ಬಾವಿ ತೋಡುವ ಬುದ್ಧಿ ದ್ವೀಪದಲ್ಲಿ ನಿಜಕ್ಕೂ ಅಪಾಯಕಾರಿ, ಏಕೆಂದರೆ ತೋಡಿದ ಬಾವಿಯೇ ಉಪ್ಪಾಗಬಹುದು.

ಮಳೆನೀರಿನ ಲೆಕ್ಕ ಸುಲಭ. 1 ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. ಚಿಮ್ಮುವುದು, ಆವಿಯಾಗುವುದು, ಸೋರುವುದು ಕಳೆದು ಶೇ. 80 ಕೈಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. 60 ಚದರ ಮೀಟರ್ ಚಾವಣಿ, ವರ್ಷಕ್ಕೆ 1500 ಮಿಲಿಮೀಟರ್ ಮಳೆ ಎಂದರೆ 72,000 ಲೀಟರ್. ಇಬ್ಬರಿಗೆ ದಿನಕ್ಕೆ 100 ಲೀಟರಿನಂತೆ ವರ್ಷಕ್ಕೆ ಬೇಕಾದ್ದು 36,500. ಇಲ್ಲಿಗೇ ಲೆಕ್ಕ ನಿಲ್ಲಿಸಿ 'ಎರಡು ಪಟ್ಟು ಇದೆ' ಎಂದು ಖುಷಿಪಡುವುದೇ ಸಾಮಾನ್ಯ ತಪ್ಪು. ಮಳೆ ವರ್ಷವಿಡೀ ಹಂಚಿ ಬೀಳುವುದಿಲ್ಲ. ನಾಲ್ಕು ತಿಂಗಳು ಒಣಗಿದ್ದರೆ 120 ದಿನಕ್ಕೆ 12,000 ಲೀಟರ್, ಮಳೆ ತಡವಾಗಬಹುದೆಂದು ಕಾಲು ಭಾಗ ಸೇರಿಸಿ 15,000 ಲೀಟರಿನ ತೊಟ್ಟಿ ಬೇಕು. ನಿಮ್ಮನ್ನು ಕಾಯುವುದು ತೊಟ್ಟಿಯ ಗಾತ್ರ, ಚಾವಣಿಯ ಗಾತ್ರವಲ್ಲ. ಒಂದೇ ದೊಡ್ಡ ತೊಟ್ಟಿಗಿಂತ 5,000 ಲೀಟರಿನ ಮೂರು ವಾಸಿ: ಒಂದು ಸೀಳಿದರೆ, ಕೆಟ್ಟರೆ, ತೊಳೆಯಬೇಕಾದರೆ ಉಳಿದೆರಡು ಇರುತ್ತವೆ.

ಈ ಲೆಕ್ಕದಲ್ಲಿ ತೋಟ ಇಲ್ಲ ಎಂಬುದನ್ನು ಗಮನಿಸಿ. ಬಿಸಿಲುಗಾಲದಲ್ಲಿ ತರಕಾರಿಗೆ ದಿನಕ್ಕೆ 4 ಮಿಲಿಮೀಟರ್ ನೀರು ಎಂದರೂ, 40 ಚದರ ಮೀಟರಿನ ಪಾತಿಗೆ 160 ಲೀಟರ್. ಇಬ್ಬರು ಮನುಷ್ಯರಿಗಿಂತ ತೋಟ ಹೆಚ್ಚು ಕುಡಿಯುತ್ತದೆ. ಅದಕ್ಕೇ ಬೂದುನೀರು, ಅಂದರೆ ಸ್ನಾನದ, ಬಟ್ಟೆ ಒಗೆದ ನೀರು, ದ್ವೀಪದಲ್ಲಿ ಕಸವಲ್ಲ.

ಜೋಡಣೆಯಲ್ಲಿ ಇವು ತಪ್ಪಬಾರದು:

- ಮೊದಲ ಮಳೆಯನ್ನು ಹೊರಹಾಕುವ ಡ್ರಮ್ಮು. ಚದರ ಮೀಟರಿಗೆ 1 ಲೀಟರಿನಂತೆ 60 ಚದರ ಮೀಟರಿಗೆ 60 ಲೀಟರ್. 100 ಮಿಲಿಮೀಟರಿನ ಕೊಳವೆಯನ್ನೇ ಇದಕ್ಕೆ ನಿಲ್ಲಿಸುವವರಿದ್ದಾರೆ, ಆದರೆ ಅದು ಮೀಟರಿಗೆ 8 ಲೀಟರೂ ಹಿಡಿಯದು. ತಳದಲ್ಲಿ 2 ರಿಂದ 3 ಮಿಲಿಮೀಟರ್ ತೂತು ಇರಲಿ, ಮುಂದಿನ ಮಳೆಯೊಳಗೆ ತಾನೇ ಖಾಲಿಯಾಗುತ್ತದೆ. ಈ ತೂತು ಕಟ್ಟಿಕೊಳ್ಳುವುದೇ ಇಡೀ ವ್ಯವಸ್ಥೆ ಕೆಡುವ ಮೊದಲ ಕಾರಣ. ವಾರಕ್ಕೊಮ್ಮೆ ತಂತಿ ತೂರಿಸಿ ನೋಡಿ.
- ಕಡಲ ಪಕ್ಕದ ಚಾವಣಿಯ ಮೇಲೆ ಗಾಳಿ ಉಪ್ಪು ತಂದು ಹಚ್ಚುತ್ತದೆ. ಬಹಳ ದಿನ ಮಳೆಯಿಲ್ಲದೆ ಗಾಳಿ ಬೀಸಿದ್ದರೆ ಮೊದಲ ಮಳೆಯ ನೀರನ್ನು ಎರಡು ಪಟ್ಟು ಹೊರಬಿಡಿ.
- ತೊಟ್ಟಿಗೆ ಬೆಳಕು ಹೋಗಬಾರದು, ಪಾಚಿ ಕಟ್ಟುತ್ತದೆ. ಪ್ರತಿ ತೆರಪಿಗೂ 1 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಜಾಲರಿ ಬೇಕು. ಸೊಳ್ಳೆಗೆ ಒಂದೇ ಒಂದು ದಾರಿ ಸಾಕು.
- ಒಳಬರುವ ಕೊಳವೆಯ ತುದಿ ತಳದಲ್ಲಿ ಮೇಲ್ಮುಖವಾಗಿ ಬಾಗಿರಲಿ, ಕೆಸರು ಕದಡುವುದಿಲ್ಲ. ಹೊರಹೋಗುವ ನಲ್ಲಿ ತಳದಿಂದ 10 ರಿಂದ 15 ಸೆಂಟಿಮೀಟರ್ ಮೇಲಿರಲಿ.

ಕುಡಿಯುವ ನೀರನ್ನು ಸೋಸಿ, ಒಂದು ನಿಮಿಷ ಚೆನ್ನಾಗಿ ಕುದಿಸಿ. ಇಲ್ಲವೇ ಯುವಿ, ಅಂದರೆ ಅತಿನೇರಳೆ ಬೆಳಕಿನ ದೀಪದ ಮೂಲಕ ಹಾಯಿಸಿ. ತೊಟ್ಟಿಗೇ ಕ್ಲೋರಿನ್ ಹಾಕುವುದಾದರೆ 1,000 ಲೀಟರಿಗೆ ಶೇ. 30 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ 7 ಗ್ರಾಂ, ಅಂದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಕ್ಲೋರಿನ್. ಅರ್ಧ ಗಂಟೆಯ ನಂತರ ಪರೀಕ್ಷಾ ಕಿಟ್‌ನಲ್ಲಿ 0.5 ಮಿಲಿಗ್ರಾಂ ಉಳಿದಿದ್ದರೆ ಸರಿ. ಪೌಡರ್ ದ್ವೀಪದ ತೇವಕ್ಕೆ ಬೇಗ ಸತ್ವ ಕಳೆದುಕೊಳ್ಳುತ್ತದೆ, ಆದ್ದರಿಂದ ಅಳತೆಯನ್ನಷ್ಟೇ ನಂಬದೆ ಕಿಟ್ ಹಿಡಿದು ನೋಡಿ.

ಇನ್ನು ಬಾವಿ. ಮರಳು ಅಥವಾ ಹವಳದ ಸಣ್ಣ ದ್ವೀಪದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ಮಸೂರದ ಆಕಾರದಲ್ಲಿ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ, ಅದರ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರುತ್ತದೆ. ಕೇಳಲು ಖುಷಿ, ಆದರೆ ತಿರುಗಿಸಿ ನೋಡಿ: ನೀವು ಪಂಪಿನಿಂದ ಮಟ್ಟವನ್ನು 10 ಸೆಂಟಿಮೀಟರ್ ಇಳಿಸಿದರೆ ಕೆಳಗಿನ ಉಪ್ಪಿನ ಗಡಿ ಕಾಲಕ್ರಮದಲ್ಲಿ 4 ಮೀಟರ್ ಮೇಲೇರಬಲ್ಲದು. ಆಳ ಕೊರೆದು ದೊಡ್ಡ ಪಂಪು ಹಾಕಿದವರ ಬಾವಿ ಉಪ್ಪಾಗುವುದು ಹೀಗೆ. ಆಳವಿಲ್ಲದ ಬಾವಿ, ಸಣ್ಣ ಪಂಪು, ದಿನವಿಡೀ ಸ್ವಲ್ಪಸ್ವಲ್ಪ ಎತ್ತುವುದು ಸರಿಯಾದ ಕ್ರಮ. ಉಪ್ಪು ಹೆಚ್ಚಿದಷ್ಟೂ ಏರುವ ನೀರಿನ ವಿದ್ಯುತ್ ವಾಹಕತೆ ಅಳೆಯುವ ಕೈಮೀಟರ್ ಒಂದನ್ನು ಕೊಳ್ಳಿ, ತಿಂಗಳಿಗೊಮ್ಮೆ ಅಳೆದು ಬರೆಯಿರಿ. ಅಂಕಿ ಏರುತ್ತಾ ಹೋದರೆ ಎತ್ತುವುದನ್ನು ಆ ತಿಂಗಳೇ ಇಳಿಸಿ. ನಾಲಿಗೆಗೆ ಉಪ್ಪು ಹತ್ತುವ ಹೊತ್ತಿಗೆ ತಡವಾಗಿರುತ್ತದೆ. ಕಡಲುಕ್ಕಿ ನೆಲದ ಮೇಲೆ ಹರಿದರೆ ಬಾವಿ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಆಗ ಕಾಯುವುದು ಮಳೆತೊಟ್ಟಿ ಮಾತ್ರ.

ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರವನ್ನು ಸಮುದಾಯ ಮಟ್ಟದಲ್ಲಿ ತುರ್ತಿಗೆ ಇಟ್ಟುಕೊಳ್ಳಬಹುದು. ದೊಡ್ಡ ಸ್ಥಾವರಗಳಲ್ಲೇ 1,000 ಲೀಟರಿಗೆ 3 ರಿಂದ 4 ಯೂನಿಟ್ ವಿದ್ಯುತ್ತು ಬೇಕು, ಸಣ್ಣದಕ್ಕೆ ಇನ್ನೂ ಹೆಚ್ಚು. ಮನೆಮಟ್ಟದಲ್ಲಿ ಅದರ ಮೇಲೆ ಬದುಕು ಕಟ್ಟಬೇಡಿ.

ಹಂತ 5: ವಿದ್ಯುತ್ತು

ಇಬ್ಬರ ಮನೆಯ ಒಂದು ದಿನ ಹೀಗಿರಬಹುದು: ದಕ್ಷ ಸಣ್ಣ ಫ್ರಿಜ್ 700 ವ್ಯಾಟ್-ಅವರ್, 6 ವ್ಯಾಟಿನ ಐದು ದೀಪ ಐದು ಗಂಟೆ ಉರಿದರೆ 150, ಎರಡು ಫೋನ್ 30, ಲ್ಯಾಪ್‌ಟಾಪ್ 300, ನೀರಿನ ಪಂಪು 125, ಫ್ಯಾನ್ 240, ಉಪಗ್ರಹ ಇಂಟರ್ನೆಟ್ ಆರು ಗಂಟೆಗೆ 400. ಒಟ್ಟು 1,945, ದಿನಕ್ಕೆ 2 ಯೂನಿಟ್ ಎನ್ನಿ (1,000 ವ್ಯಾಟ್-ಅವರ್ ಎಂದರೆ 1 ಯೂನಿಟ್). ಇಂಟರ್ನೆಟ್ ಉಪಕರಣ ಎಲ್ಲ ದೀಪಗಳ ಎರಡೂವರೆ ಪಟ್ಟು ತಿನ್ನುತ್ತದೆ ಎಂಬುದನ್ನು ಮನೆಯಿಂದಲೇ ಕೆಲಸ ಮಾಡುತ್ತೇನೆನ್ನುವವರು ನೆನಪಿಡಬೇಕು.

ಈಗ ಸ್ನಾನದ ನೀರು. 100 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಸುಮಾರು 3.5 ಯೂನಿಟ್ ಬೇಕು. ಉಳಿದ ಇಡೀ ಮನೆಯನ್ನು ಮೀರಿಸಿತು! ಹಾಗಾಗಿ ಬಿಸಿ ಮಾಡುವ ಕೆಲಸ ಯಾವುದನ್ನೂ ಬ್ಯಾಟರಿಗೆ ಹೇರಬೇಡಿ. ನೀರಿಗೆ ಚಾವಣಿಯ ಸೋಲಾರ್ ಹೀಟರ್, ಅಡುಗೆಗೆ ಸಮುದಾಯದ ಒಲೆ ಅಥವಾ ಗ್ಯಾಸ್, ಬಟ್ಟೆಗೆ ಬಿಸಿಲು. ಇದು ಪಾಲಿಸಿದರೆ ವ್ಯವಸ್ಥೆಯ ವೆಚ್ಚ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ.

ಪ್ಯಾನೆಲ್ ಲೆಕ್ಕಕ್ಕೆ ವರ್ಷದ ಸರಾಸರಿ ಬಿಸಿಲು ಹಿಡಿಯಬೇಡಿ, ಅತಿ ಮೋಡದ ತಿಂಗಳು ಹಿಡಿಯಿರಿ. ಆ ತಿಂಗಳು ದಿನಕ್ಕೆ ಎರಡೂವರೆ ಗಂಟೆಯ ಪೂರ್ಣ ಬಿಸಿಲಿಗೆ ಸಮವಾದಷ್ಟು ಸಿಗುತ್ತದೆ, ಎಲ್ಲ ನಷ್ಟ ಕಳೆದು ಶೇ. 70 ಕೈಗೆ ಬರುತ್ತದೆ ಎಂದರೆ 2,000 ÷ (2.5 × 0.7) = ಸುಮಾರು 1,150 ವ್ಯಾಟ್. 1,200 ವ್ಯಾಟ್ ಹಾಕಿ. ಬ್ಯಾಟರಿ ಎರಡು ಮೋಡದ ದಿನಕ್ಕೆ: 4 ಯೂನಿಟ್. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಶೇ. 80 ಬಳಸಬಹುದು, ಆದ್ದರಿಂದ 5 ಯೂನಿಟ್ ಸಾಮರ್ಥ್ಯ ಸಾಕು; ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಬಾರದು, ಅದಕ್ಕೆ 8 ಬೇಕು. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದರಿಂದ ಮಲಗುವ ಕೋಣೆಯಲ್ಲಿ ಇಡಬಾರದು. ಯಾವ ಬ್ಯಾಟರಿಯಾದರೂ ಫ್ಯೂಸ್ ಅದರ ಧನ ತುದಿಯ ಪಕ್ಕದಲ್ಲೇ ಇರಲಿ, ಮತ್ತು ಪ್ಯಾನೆಲ್, ಬ್ಯಾಟರಿಗಳ ಡಿಸಿ (ಏಕಮುಖ) ವಿದ್ಯುತ್ತಿಗೆ ಡಿಸಿಯದೇ ಬ್ರೇಕರ್ ಬೇಕು. ನಗರದ ಮನೆಗಳಲ್ಲಿರುವ ಮಾಮೂಲಿ ಎಸಿ ಬ್ರೇಕರಿನಲ್ಲಿ ಡಿಸಿಯ ಕಿಡಿ ಆರದೆ ಬೆಂಕಿ ಹತ್ತಿದ ಮೇಲೆ, ಆರಿಸಲು ಅಗ್ನಿಶಾಮಕ ವಾಹನ ಬರುವುದಿಲ್ಲ.

ದ್ವೀಪದಲ್ಲಿ ಸೋಲಾರ್ ವ್ಯವಸ್ಥೆ ಕೆಡುವುದು ಹೆಚ್ಚಾಗಿ ಉಪ್ಪಿನಿಂದ. ಅಲ್ಯುಮಿನಿಯಂ ಚೌಕಟ್ಟಿಗೆ ಸಾಮಾನ್ಯ ಕಬ್ಬಿಣದ ಬೋಲ್ಟ್ ಹಾಕಿದರೆ ಎರಡು ಲೋಹಗಳ ನಡುವೆ ಉಪ್ಪುನೀರು ಸೇರಿ ಸಣ್ಣ ಬ್ಯಾಟರಿಯಂತಾಗಿ ಕೊರೆಯುತ್ತದೆ. 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್, ನಡುವೆ ನೈಲಾನ್ ವಾಷರ್ ಹಾಕಿ. ತವರ ಲೇಪಿತ ತಾಮ್ರದ ತಂತಿ ಬಳಸಿ. ಬರಿ ತಾಮ್ರ ಹೊದಿಕೆಯೊಳಗೇ ಹಸಿರುಗಟ್ಟಿ ಕಪ್ಪಾಗುತ್ತದೆ. ಪ್ಯಾನೆಲ್ ಕನೆಕ್ಟರುಗಳ ಗಂಡು, ಹೆಣ್ಣು ಎರಡೂ ಒಂದೇ ತಯಾರಕರದ್ದಾಗಿರಲಿ, ಬೇರೆಬೇರೆ ತಯಾರಕರದ್ದು ಸಡಿಲ ಕೂತು ಬಿಸಿಯಾಗಿ ಕರಗುತ್ತವೆ. ಫ್ಯಾನ್ ಇರುವ ಇನ್ವರ್ಟರ್ ಉಪ್ಪುಗಾಳಿಯನ್ನು ತನ್ನೊಳಗೆ ತಾನೇ ಎಳೆದುಕೊಳ್ಳುತ್ತದೆ. ಮುಚ್ಚಿದ ಮಾದರಿ ಕೊಳ್ಳಿ, ಕಡಲಿಗೆ ಬೆನ್ನು ಹಾಕಿದ ಕೋಣೆಯಲ್ಲಿಡಿ. ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರ್ ಒಂದು, ಫ್ಯೂಸ್‌ಗಳು, ಕನೆಕ್ಟರ್‌ಗಳು ಹೆಚ್ಚುವರಿ ಇರಲಿ.

ಮನೆಗೊಂದು ಸಣ್ಣ ಗಾಳಿಯಂತ್ರದ ಆಸೆ ಬಹಳ ಜನರಿಗಿದೆ. ಗಾಳಿಯ ವೇಗ ಅರ್ಧವಾದರೆ ಸಿಗುವ ಶಕ್ತಿ ಎಂಟನೇ ಒಂದಕ್ಕೆ ಕುಸಿಯುತ್ತದೆ. ಚಾವಣಿಯ ಮೇಲೆ, ಮರಗಳ ಮರೆಯಲ್ಲಿ ನಿಲ್ಲಿಸಿದ ಯಂತ್ರ ಸದ್ದು ಮಾಡುತ್ತದೆಯೇ ಹೊರತು ವಿದ್ಯುತ್ತು ಕೊಡದು. ಸುತ್ತಲಿನ 100 ಮೀಟರಿನೊಳಗಿನ ಎಲ್ಲಕ್ಕಿಂತ 10 ಮೀಟರ್ ಎತ್ತರದ ಕಂಬ ಬೇಕು. ಇದು ಸಮುದಾಯ ಸೇರಿ ಮಾಡುವ ಕೆಲಸ.

ಹಂತ 6: ಶೌಚ ಮತ್ತು ಕಸ

ಸೆಪ್ಟಿಕ್ ಟ್ಯಾಂಕ್ ಮರಳು ನೆಲದ ಸಣ್ಣ ದ್ವೀಪಕ್ಕೆ ಹೊಂದುವುದಿಲ್ಲ. ಸೋರಿದ್ದು ನೇರ ಸಿಹಿನೀರಿಗೇ ಸೇರುತ್ತದೆ. ಮೂತ್ರ ಬೇರ್ಪಡಿಸುವ ಒಣ ಶೌಚ ಹಾಕಿ. ಎರಡು ಕೋಣೆ ಇರಲಿ: ಒಂದು ಬಳಕೆಯಲ್ಲಿ, ಇನ್ನೊಂದು ಮುಚ್ಚಿ ಮಾಗಲು. ಪ್ರತಿ ಬಳಕೆಗೂ ಒಂದೆರಡು ಹಿಡಿ ಮರದ ಹೊಟ್ಟು ಅಥವಾ ಬೂದಿ. ವಾಸನೆ ಬಂದರೆ ತೊಂಬತ್ತು ಪಾಲು ಮೂತ್ರ ಒಳಗೆ ಸೇರುತ್ತಿದೆ ಅಥವಾ ಗಾಳಿಕೊಳವೆ ಕಟ್ಟಿದೆ ಎಂದರ್ಥ. ಮಾಗುವ ಕಾಲ 20 ಡಿಗ್ರಿಗಿಂತ ಬೆಚ್ಚಗಿನ ಕಡೆ ಒಂದು ವರ್ಷಕ್ಕಿಂತ ಹೆಚ್ಚು, ತಣ್ಣನೆಯ ಕಡೆ ಒಂದೂವರೆಯಿಂದ ಎರಡು ವರ್ಷ. ಆಮೇಲೂ ಹಸಿ ತಿನ್ನುವ ಬೆಳೆಗೆ ಬೇಡ, ಮರಗಳ ಬುಡಕ್ಕೆ ಹಾಕಿ. ಬಾವಿಯಿಂದ ಕನಿಷ್ಠ 30 ಮೀಟರ್ ದೂರ, ತಳ ಅಂತರ್ಜಲಕ್ಕಿಂತ ಕನಿಷ್ಠ ಒಂದೂವರೆ ಮೀಟರ್ ಮೇಲೆ.

ಬೂದುನೀರನ್ನು ಒಣಎಲೆ, ಹೊಟ್ಟಿನ ಹೊದಿಕೆ ತುಂಬಿದ ಗುಂಡಿಗೆ ಹರಿಸಿ ಹಣ್ಣಿನ ಗಿಡಗಳಿಗೆ ಕೊಡಬಹುದು. ಸೋಡಿಯಂ ಹೆಚ್ಚಿರುವ ಬಟ್ಟೆಪುಡಿ ಮಣ್ಣಿನ ರಚನೆ ಕೆಡಿಸುತ್ತದೆ, ಬೋರಾನ್ ಗಿಡಗಳಿಗೆ ವಿಷ. ದ್ರವ ರೂಪದ, ಇವೆರಡೂ ಕಡಿಮೆ ಇರುವ ಸಾಬೂನು ಆರಿಸಿ.

ಕಸದ ಬಗ್ಗೆ ಒಂದೇ ಮಾತು. ದ್ವೀಪಕ್ಕೆ ಬಂದದ್ದು ಅಲ್ಲೇ ಉಳಿಯುತ್ತದೆ, ಇಲ್ಲವೇ ಹಣ ಕೊಟ್ಟು ದೋಣಿಯಲ್ಲಿ ಮರಳುತ್ತದೆ. ಪ್ಯಾಕಿಂಗ್‌ಗಳನ್ನು ದಡದಲ್ಲೇ ಬಿಚ್ಚಿ ಬಿಟ್ಟು ಬನ್ನಿ.

ಹಂತ 7: ಆಹಾರ

ಮೊದಲ ವರ್ಷ ತೋಟ ನಿಮ್ಮನ್ನು ಸಾಕುತ್ತದೆ ಎಂದು ನಂಬಬೇಡಿ. ದಿನಕ್ಕೆ 2,400 ಕ್ಯಾಲರಿ ಬೇಕಾದ ಒಬ್ಬ ವಯಸ್ಕರಿಗೆ ಧಾನ್ಯ, ಬೇಳೆಕಾಳು ಲೆಕ್ಕದಲ್ಲಿ ಸುಮಾರು 700 ಗ್ರಾಂ ಒಣ ಆಹಾರ. ಮೂರು ತಿಂಗಳಿಗೆ 60 ಕಿಲೋ ಮೇಲೆ. ಅಷ್ಟು ದಾಸ್ತಾನು ಇಲಿ ಕಡಿಯದ ಲೋಹದ ಡಬ್ಬಗಳಲ್ಲಿ, ನೆಲದಿಂದ ಎತ್ತರದಲ್ಲಿ ಇರಬೇಕು.

ತೋಟಕ್ಕೆ ಮೊದಲ ಕೆಲಸ ಗಾಳಿತಡೆ, ಬಿತ್ತನೆ ಆಮೇಲೆ. ಗಟ್ಟಿ ಗೋಡೆ ಕಟ್ಟಬೇಡಿ: ಗಾಳಿ ಅದನ್ನು ಹಾರಿ ಹಿಂದುಗಡೆ ಸುಳಿಯಾಗಿ ಬಿದ್ದು ಗಿಡ ಮುರಿಯುತ್ತದೆ. ಅರ್ಧದಷ್ಟು ತೆರಪಿರುವ ಬೇಲಿ ಅಥವಾ ಜಾಲರಿ ಗಾಳಿಯನ್ನು ಸೋಸುತ್ತದೆ, ತನ್ನ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಕಾಯುತ್ತದೆ. ಹವಳದ ಮರಳಿನಲ್ಲಿ ಪಿಎಚ್, ಅಂದರೆ ಕ್ಷಾರತೆ, ಹೆಚ್ಚಿದ್ದು ಗಿಡಗಳಿಗೆ ಕಬ್ಬಿಣ ಸಿಗದೆ ಎಲೆ ಹಳದಿಯಾಗುತ್ತದೆ. ಕಬ್ಬಿಣದ ಪುಡಿ ಸುರಿಯುವುದಕ್ಕಿಂತ ಕಾಂಪೋಸ್ಟ್ ಹೆಚ್ಚಿಸುವುದೇ ಮದ್ದು. ದಡಕ್ಕೆ ಬಂದು ಬಿದ್ದ ಕಡಲಪಾಚಿ ಒಳ್ಳೆಯ ಗೊಬ್ಬರ; ಸಮುದಾಯದ ಒಪ್ಪಿಗೆ ಪಡೆದು ಸ್ವಲ್ಪ ಮಾತ್ರ ತಂದು, ಒಂದೆರಡು ಮಳೆಗೆ ಉಪ್ಪು ತೊಳೆಯಲು ಬಿಡಿ. ಬದುಕಿರುವ ಪಾಚಿಯನ್ನು ಕೀಳಬೇಡಿ.

ಹಂತ 8: ಆರೋಗ್ಯ ಮತ್ತು ತುರ್ತು

ಹೊರಡುವ ಮೊದಲು ಹಲ್ಲಿನ ಕೆಲಸ ಪೂರ್ತಿ ಮುಗಿಸಿ. ಬಿರುಗಾಳಿಯ ವಾರದಲ್ಲಿ ಹುಳುಕು ಹಲ್ಲು ನೆನಪಿಸುವುದನ್ನು ಇನ್ನಾವುದೂ ನೆನಪಿಸದು. ಟೆಟನಸ್ ಲಸಿಕೆ ಹತ್ತು ವರ್ಷದೊಳಗಿನದೇ ನೋಡಿ, ಎರಡನೆಯ ಕನ್ನಡಕ ಮಾಡಿಸಿ, ನಿತ್ಯದ ಔಷಧ ಮೂರು ತಿಂಗಳಿಗಾಗುವಷ್ಟು ಇಡಿ, ಮನೆಯ ಇಬ್ಬರಾದರೂ ಪ್ರಥಮ ಚಿಕಿತ್ಸೆ ಕಲಿತಿರಲಿ. ಇನ್ಸುಲಿನ್ 2 ರಿಂದ 8 ಡಿಗ್ರಿಯಲ್ಲಿ ಇಡಬೇಕಾದವರು ಫ್ರಿಜ್‌ಗೆ ಪ್ರತ್ಯೇಕ ಬ್ಯಾಟರಿ ಕಟ್ಟಿಸಿಕೊಳ್ಳಬೇಕು. ಡಯಾಲಿಸಿಸ್‌ನಂಥ ನಿಯತ ಚಿಕಿತ್ಸೆ ಬೇಕಿರುವವರು ದ್ವೀಪ ವಾಸಕ್ಕೆ ಹೋಗಬಾರದು. ಗರ್ಭಿಣಿಯರು ಹೆರಿಗೆಗೆ ಕೆಲವು ವಾರ ಮೊದಲೇ ಮುಖ್ಯಭೂಮಿಗೆ ಬಂದಿರಬೇಕು.

ಫೋನ್ ಗೋಪುರ ಗಾಳಿಗೆ ಬಿದ್ದರೂ ಕೆಲಸ ಮಾಡುವುದು ಹಡಗು, ದೋಣಿಗಳವರು ಬಳಸುವ ವಿಎಚ್‌ಎಫ್ ರೇಡಿಯೊ. ಅದರ 16ನೇ ಚಾನೆಲ್ ಸಮುದ್ರದ ತುರ್ತು ಕರೆಯ ಚಾನೆಲ್. ಬಳಸುವುದನ್ನು, ಪರವಾನಗಿಯ ನಿಯಮವನ್ನು ಮೊದಲೇ ತಿಳಿದಿರಿ.

ಹಂತ 9: ಜನ, ಕರಾರು, ಹಣ

ನೀರು, ವಿದ್ಯುತ್ತು ಕೈಕೊಟ್ಟದ್ದಕ್ಕಿಂತ ಮನಸ್ಸುಗಳು ಮುರಿದು ದ್ವೀಪ ಬಿಟ್ಟವರೇ ಹೆಚ್ಚು ಎಂಬುದು ನಮ್ಮ ತಿಳಿವು. ನಗರದಲ್ಲಿ ಒಲ್ಲದವರನ್ನು ತಪ್ಪಿಸಿ ಬೇರೆ ರಸ್ತೆಯಲ್ಲಿ ಹೋಗಬಹುದು. ದ್ವೀಪದಲ್ಲಿ ಇರುವುದೇ ಒಂದು ರಸ್ತೆ. ನಿಮ್ಮ ಪಂಪು ರಿಪೇರಿ ಮಾಡಬಲ್ಲವರು ನಿನ್ನೆ ನೀವು ಜಗಳವಾಡಿದವರೇ ಆಗಿರಬಹುದು.

ಸೇರುವ ಮೊದಲು ಎರಡು ವರ್ಷದ ಸಭೆಯ ನಡಾವಳಿ ಪುಸ್ತಕ ಮತ್ತು ಲೆಕ್ಕಪತ್ರ ಓದಲು ಕೇಳಿ. ಕೊಡಲು ಹಿಂಜರಿದರೆ ಅದೇ ಉತ್ತರ. ಐದು ವರ್ಷಗಳಲ್ಲಿ ಎಷ್ಟು ಜನ ಬಂದರು, ಎಷ್ಟು ಜನ ಹೋದರು ಎಂದು ಕೇಳಿ, ಹೋದವರಲ್ಲಿ ಇಬ್ಬರೊಡನೆಯಾದರೂ ಮಾತಾಡಿ. ಭೂಮಿ ಯಾರ ಹೆಸರಲ್ಲಿದೆ ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಟ್ರಸ್ಟ್ ಅಥವಾ ಸಹಕಾರ ಸಂಘದ ಹೆಸರಲ್ಲಿದ್ದು ಸದಸ್ಯರಿಗೆ ಮತ ಇದ್ದರೆ ಸರಿ. ಒಬ್ಬರೇ ಭೂಮಾಲೀಕರು, ನಿಯಮವೂ ಅವರದೇ, 'ನಾವೆಲ್ಲ ಒಂದೇ ಕುಟುಂಬ' ಎಂಬ ಮಾತು ಮಾತ್ರ ಧಾರಾಳ ಎಂದಿದ್ದರೆ ಚೀಲ ಬಿಚ್ಚಬೇಡಿ.

ನಿರ್ಧಾರ ಹೇಗೆ ಆಗುತ್ತದೆ ನೋಡಿ. ಎಲ್ಲರೂ ಒಪ್ಪಲೇಬೇಕೆಂಬ ಪದ್ಧತಿಯಲ್ಲಿ ಒಬ್ಬರ ಹಟಕ್ಕೆ ತೊಟ್ಟಿಯ ರಿಪೇರಿ ವರ್ಷಗಟ್ಟಲೆ ನಿಲ್ಲಬಹುದು. ಬರಿ ಬಹುಮತದಲ್ಲಿ ಸೋತವರು ಕೆಲಸಕ್ಕೆ ಬರುವುದಿಲ್ಲ. 'ಇದು ನನಗೆ ಅತ್ಯುತ್ತಮ ಅಲ್ಲ, ಆದರೆ ಇದರಿಂದ ಹಾನಿಯಿಲ್ಲ, ನಡೆಯಲಿ' ಎನ್ನುವಷ್ಟಕ್ಕೆ ಒಪ್ಪಿಗೆ ಎಂದು ತಿಳಿಯುವ, ಆಕ್ಷೇಪಕ್ಕೆ ಕಾರಣ ಕೇಳುವ ಪದ್ಧತಿ ಸಣ್ಣ ಗುಂಪಿಗೆ ಒಳ್ಳೆಯದು.

ಕರಾರು ಬಾಯಿಮಾತಲ್ಲಿ ಬೇಡ. ಅದರಲ್ಲಿ ಇವು ಬರಹದಲ್ಲಿರಲಿ: ಆರರಿಂದ ಹನ್ನೆರಡು ತಿಂಗಳ ಪರೀಕ್ಷಾ ಅವಧಿ, ವಾರಕ್ಕೆ ಎಷ್ಟು ಗಂಟೆ ಸಾಮೂಹಿಕ ದುಡಿಮೆ, ಕಾಯಿಲೆ ಬಿದ್ದಾಗ ಅದರ ಗತಿ, ಅತಿಥಿಗಳು, ಸಾಕುಪ್ರಾಣಿ, ನೀವು ಮನೆಗೆ ಮಾಡಿದ ಖರ್ಚು ಬಿಟ್ಟುಹೋಗುವಾಗ ಎಷ್ಟು, ಯಾವಾಗ, ಯಾರಿಂದ ಮರಳಿ ಬರುತ್ತದೆ, ದಂಪತಿ ಬೇರೆಯಾದರೆ ಯಾರು ಉಳಿಯಬಹುದು. ಕೊನೆಯದನ್ನು ಕೇಳಲು ಮುಜುಗರ, ಆದರೆ ಕೇಳಿ.

ಪರೀಕ್ಷಾ ಅವಧಿ ಮುಗಿಯುವ ತನಕ ನಗರದ ಮನೆ ಮಾರಬೇಡಿ, ಬಾಡಿಗೆಗೆ ಕೊಡಿ. ಒಂದು ವರ್ಷದ ದ್ವೀಪದ ಖರ್ಚು, ಅದಕ್ಕೆ ಮುಟ್ಟದಂತೆ ಮರಳಿ ಬಂದು ಆರು ತಿಂಗಳು ಬದುಕುವಷ್ಟು ಹಣ, ಎರಡನ್ನೂ ಬೇರೆಬೇರೆ ಇಡಿ. ಸಾಗಣೆ ದರ ತೂಕಕ್ಕೋ ಗಾತ್ರಕ್ಕೋ ಕೇಳಿ. ಸಿಮೆಂಟಿಗೂ ಹಾಸಿಗೆಗೂ ಲೆಕ್ಕ ತಲೆಕೆಳಗಾಗುತ್ತದೆ. ಆದಾಯ ಒಂದೇ ಮೂಲದಿಂದ ಬೇಡ. ಇಂಟರ್ನೆಟ್ ಕೆಲಸದ ಜೊತೆಗೆ ದ್ವೀಪದವರಿಗೆ ನಿಜಕ್ಕೂ ಬೇಕಾದ ಒಂದು ಕೈಕೆಲಸ ಕಲಿತು ಹೋಗಿ: ಕೊಳಾಯಿ, ವೈರಿಂಗ್, ದೋಣಿ ಎಂಜಿನ್, ಹೊಲಿಗೆ, ಶುಶ್ರೂಷೆ. ಹೊಸಬರಿಗೆ ಗೌರವ ತರುವುದು ಇದೇ.

ಇನ್ನೊಂದು, ಮನಃಪೂರ್ವಕ ಹೇಳಬೇಕಾದ್ದು. ನೀವು ಹೋಗುವ ದ್ವೀಪದಲ್ಲಿ ಮೊದಲೇ ಜನ ಇದ್ದಾರೆ, ಅವರ ಮಕ್ಕಳಿಗೂ ಮನೆ ಬೇಕು. ಹೊರಗಿನವರ ಹಣ ಭೂಮಿಯ ಬೆಲೆ ಏರಿಸಿ ಊರಿನವರನ್ನೇ ಓಡಿಸಿದರೆ ಅಲ್ಲಿ ಸುಸ್ಥಿರವಾದದ್ದು ಏನೂ ಉಳಿಯದು. ಭೂಮಿ ಕೊಳ್ಳುವ ಬದಲು ಟ್ರಸ್ಟಿನಿಂದ ಗುತ್ತಿಗೆ ಪಡೆಯಿರಿ, ಅವರ ಭಾಷೆ ಕಲಿಯಿರಿ, ಮೊದಲ ವರ್ಷ ಸಭೆಯಲ್ಲಿ ಸಲಹೆಗಿಂತ ಪ್ರಶ್ನೆ ಹೆಚ್ಚಿರಲಿ.

ಹಂತ 10: ಸಾಮಾನು ಕಟ್ಟುವಾಗ

ದ್ವೀಪದ ಜೀವಿಗಳು ಹೊರಗಿನ ಇಲಿ, ಇರುವೆ, ಕಳೆಗಳನ್ನು ಎದುರಿಸಿ ಬೆಳೆದಿರುವುದಿಲ್ಲ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮರಿಗಳನ್ನು ಕೆಲವೇ ಇಲಿಗಳು ಮುಗಿಸಬಲ್ಲವು. ಬೂಟು, ಗುದ್ದಲಿ, ಟೆಂಟಿನ ಮಣ್ಣನ್ನು ಪೂರ್ತಿ ತೊಳೆದು ಒಣಗಿಸಿ. ರಟ್ಟಿನ ಪೆಟ್ಟಿಗೆ ಬೇಡ, ಅದರ ಮಡಿಕೆಗಳಲ್ಲಿ ಜಿರಲೆ ಮೊಟ್ಟೆ ಬರುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ ಬಳಸಿ, ಹತ್ತುವ ದಿನ ಬಿಚ್ಚಿ ನೋಡಿ. ಗಿಡ, ಮಣ್ಣು, ಬೀಜಗಳನ್ನು ಅಲ್ಲಿನವರ ಒಪ್ಪಿಗೆಯಿಲ್ಲದೆ ಒಯ್ಯಬೇಡಿ.

ಮೊದಲ ವರ್ಷದ ಕ್ರಮ

ಮೊದಲ ಮೂರು ತಿಂಗಳು ಏನನ್ನೂ ಕಟ್ಟಬೇಡಿ. ಗಾಳಿಯ ದಿಕ್ಕು, ಮಳೆ, ತೊಟ್ಟಿಯ ಮಟ್ಟ, ಬ್ಯಾಟರಿಯ ಮಟ್ಟ ದಿನವೂ ಬರೆಯಿರಿ; ಇತರರ ಕೆಲಸಕ್ಕೆ ಕೈಜೋಡಿಸಿ. ನಾಲ್ಕನೆಯ ತಿಂಗಳಿಂದ ನೀರು ಮತ್ತು ಶೌಚ, ಆಮೇಲೆ ಗಾಳಿತಡೆ ಮತ್ತು ಕಾಂಪೋಸ್ಟ್, ಆಮೇಲೆ ವಿದ್ಯುತ್ತು, ಕೊನೆಗೆ ಮನೆಯ ವಿಸ್ತರಣೆ. ಬಿರುಗಾಳಿ ಕಾಲಕ್ಕೆ ಒಂದು ತಿಂಗಳಿರುವಾಗ ಚಾವಣಿಯ ಪಟ್ಟಿಗಳನ್ನು, ಪ್ಯಾನೆಲ್ ಬೋಲ್ಟುಗಳನ್ನು ಒಂದೊಂದಾಗಿ ಬಿಗಿ ನೋಡಿ, ತೊಟ್ಟಿಗಳನ್ನು ತುಂಬಿಡಿ. ಖಾಲಿ ತೊಟ್ಟಿ ಗಾಳಿಗೆ ಹಾರುತ್ತದೆ, ತುಂಬಿದ 5,000 ಲೀಟರಿನ ತೊಟ್ಟಿ ಐದು ಟನ್ ಭಾರಕ್ಕೆ ನೆಲಕಚ್ಚಿ ಕೂರುತ್ತದೆ. ಹನ್ನೊಂದನೆಯ ತಿಂಗಳಲ್ಲಿ ಬರೆದಿಟ್ಟ ಪುಸ್ತಕ ತೆರೆದು, ಮನೆಯವರೆಲ್ಲ ಕೂತು, ಪರೀಕ್ಷಾ ಅವಧಿ ಮುಗಿಯುವ ಮೊದಲೇ ಉಳಿಯುವುದೋ ಮರಳುವುದೋ ಎಂದು ತೀರ್ಮಾನಿಸಿ ಸಮುದಾಯಕ್ಕೆ ತಿಳಿಸಿ. ಅವರ ತೊಟ್ಟಿಯ, ತೋಟದ, ದುಡಿಮೆಯ ಮುಂದಿನ ವರ್ಷದ ಲೆಕ್ಕವೂ ನಿಮ್ಮ ಉತ್ತರಕ್ಕೆ ಕಾದಿರುತ್ತದೆ.